ಪೆನ್ನಿಗೆ ಕ್ಯಾಪ್ ಹಾಕಿ ಇಡ್ರಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದೊಂದು ಸಣ್ಣ ಸ್ಟೇಷನರಿ, ಗಿಫ್ಟ್ ಅಂಗಡಿ. ಗಲ್ಲಾದಲ್ಲಿ ಅಪ್ಪ, ಗಿಫ್ಟ್ ಪ್ಯಾಕಿಂಗಿಗೆ ಅವ್ವ, ಕೌಂಟರಿನಲ್ಲಿ ನಾನು. ಜೂನ್ ಬಂತೆಂದರೆ ನೋಟ್‌ಬುಕ್, ಬ್ರೌನ್ ಪೇಪರ್, ಲೇಬಲ್ ಅಂತ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲ ನನಗೆ ಇಷ್ಟವೇ.

ಹೊಟ್ಟೆ ಉರಿಯುವುದು ಪೆನ್ನಿನ ವಿಷಯಕ್ಕೆ. 10 ರೂಪಾಯಿಯ ಒಂದು ಜೆಲ್ ಪೆನ್ನು ಕೊಳ್ಳಲು ಐದಾರು ಬಿಚ್ಚಿ, ಗೀಚಿ, ಕ್ಯಾಪ್ ಹಾಕದೆ ಸುಮ್ನೆ ಬಿಟ್ಟು ಹೋಗುತ್ತಾರೆ. ಜೆಲ್ ಇಂಕಿನಲ್ಲಿ ನೀರು ಜಾಸ್ತಿ. ತೆರೆದಿಟ್ಟರೆ ತುದಿ ಒಣಗುತ್ತದೆ ಅಲ್ವಾ?

ನಿನ್ನೆ ಪುಟ್ಟ ಹುಡುಗಿಯೊಬ್ಬಳು ಪೆನ್ನು ವಾಪಸ್ ತಂದಳು. "ಅಕ್ಕಾ, ಇದು ಮೂಡವಲ್ದು." ಅವತ್ತು ಅವಳಿಗೆ ಪರೀಕ್ಷೆ ಇತ್ತಂತೆ. ಬೇರೆ ಪೆನ್ನು ಕೊಟ್ಟೆ. ಆದರೆ ಅವಳ ಮುಖ ನೋಡಲು ಆಗಲಿಲ್ಲ.

ಗೀಚಿ ನೋಡ್ರಿ, ಬೇಡ ಅನ್ನುವುದಿಲ್ಲ. ಒಂದು ಕ್ಯಾಪ್ ಹಾಕಲು ಎಷ್ಟು ಹೊತ್ತು ಬೇಕು?