ಬೂದಿಗೆ ಕೈ ಹಾಕಿ ನೋಡದೆ ಹೋಗುವವರಿಗೆ

ಕಾಡಿನಲ್ಲಿ ಬೆಂಕಿ ಹಾಕಿ, ಅದನ್ನು ಪೂರ್ತಿ ಆರಿಸದೆ ಮನೆಗೆ ಹೊರಟುಬಿಡುವವರನ್ನು ಯಾವ ಮಾತಿನಲ್ಲಿ ಬೈಯಬೇಕೋ ನನಗೆ ತಿಳಿಯುತ್ತಿಲ್ಲ. ಕಳೆದ ಶನಿವಾರ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫ್ಲ್ಯಾಗ್‌ಸ್ಟಾಫ್ ಊರಿನ ಹತ್ತಿರದ ಕೊಕೊನಿನೋ ರಾಷ್ಟ್ರೀಯ ಅರಣ್ಯದಲ್ಲಿ ಟೆಂಟ್ ಹಾಕಲು ಜಾಗ ನೋಡುತ್ತಿದ್ದೆವು. ಯಾರೋ ಬಿಟ್ಟುಹೋದ ಕಲ್ಲಿನ ವೃತ್ತ, ಅದರ ನಡುವೆ ಬೂದಿ. ಮೇಲಿನಿಂದ ನೋಡಿದರೆ ತಣ್ಣಗಿದೆ ಅನ್ನಿಸುತ್ತಿತ್ತು. ಅನುಮಾನ ಬಂದು ಒಂದು ಬಾಟಲಿ ನೀರು ಹೊಯ್ದರೆ ಚುಂಯ್ ಎಂದು ಹಬೆ ಎದ್ದಿತು. ಕೋಲಿನಿಂದ ಕೆದಕಿದೆ, ಒಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಕೆಂಡದ ಜೊತೆಗೆ ಅರ್ಧ ಕರಗಿದ ಪ್ಲಾಸ್ಟಿಕ್ ಬಾಟಲಿ, ಬಿಯರ್ ಡಬ್ಬಿಗಳು, ಸರಕು ಪೇರಿಸುವ ಮರದ ಪ್ಯಾಲೆಟ್ ಸುಟ್ಟಿದ್ದರಿಂದ ಉಳಿದ ಹಿಡಿ ಹಿಡಿ ಮೊಳೆಗಳು. ಹತ್ತು ಹೆಜ್ಜೆ ಆಚೆ ಪೊಂಡೆರೋಸಾ ಪೈನ್ ಮರಗಳ ಬುಡದಲ್ಲಿ ಒಣಗಿದ ಸೂಜಿ ಎಲೆಗಳು ಮೆತ್ತೆಯಾಗಿ ಬಿದ್ದಿದ್ದವು. ಮಧ್ಯಾಹ್ನದ ಗಾಳಿ ಆಗಲೇ ಶುರುವಾಗಿತ್ತು.

ಒಣಗಾಲದಲ್ಲಿ ಕಾಡಿನಲ್ಲಿ ಬೆಂಕಿ ಹಾಕದಂತೆ ಹೊರಡಿಸುವ ನಿರ್ಬಂಧ ಇನ್ನೂ ಜಾರಿಗೆ ಬಂದಿರಲಿಲ್ಲ. ಬೆಂಕಿ ಹಾಕಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಕಿದವರಿಗೆ ಆರಿಸುವ ಹೊಣೆ ಇರಬೇಡವೇ?

ಅಮೆರಿಕದ ಅರಣ್ಯ ಸೇವೆಯವರು ಡಿಸ್ಪರ್ಸ್ಡ್ ಕ್ಯಾಂಪಿಂಗ್ (ಸಜ್ಜುಗೊಳಿಸಿದ ಶಿಬಿರತಾಣಗಳ ಆಚೆ ಕಾಡಿನಲ್ಲೇ ಟೆಂಟ್ ಹಾಕುವುದು) ಎಂಬ ಹೆಸರಿನಲ್ಲಿ ಕೊಟ್ಟಿರುವ ಸೌಲಭ್ಯ ಎಷ್ಟು ದೊಡ್ಡದು ಎಂದು ಯೋಚಿಸಿ ನೋಡಿ. ಮುಂಗಡ ಕಾಯ್ದಿರಿಸಬೇಕಿಲ್ಲ, ಸಾಮಾನ್ಯವಾಗಿ ಬಾಡಿಗೆಯೂ ಇಲ್ಲ. ಅನುಮತಿ ಇರುವ ಕಾಡುರಸ್ತೆಯ ಪಕ್ಕದಲ್ಲಿ ಜಾಗ ಹುಡುಕಿಕೊಂಡು 14 ದಿನ ಇರಬಹುದು. ಯಾವ ರಸ್ತೆಗೆ ಗಾಡಿ ಇಳಿಸಬಹುದು ಎಂದು ತೋರಿಸುವ ನಕ್ಷೆಯೂ ಪುಕ್ಕಟೆ. ಶೌಚಾಲಯ, ನಲ್ಲಿ, ಕಸದ ತೊಟ್ಟಿ ಯಾವುದೂ ಇರುವುದಿಲ್ಲ, ಅಷ್ಟೇ. ತಂದದ್ದನ್ನೆಲ್ಲ ಮರಳಿ ಒಯ್ಯಬೇಕು. ನೀರಿನ ಸೆಲೆಯಿಂದ 200 ಅಡಿಯಾದರೂ ದೂರದಲ್ಲಿ, ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಬಹಿರ್ದೆಸೆಗೆ ಹೋಗಬೇಕು. ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಹೊರಡಬೇಕು. ಇಷ್ಟನ್ನೂ ಮಾಡಲಾರದವರು ಹೋಟೆಲ್‌ನಲ್ಲಿ ಇರಲಿ.

ಕಾಗದದ ಮಾತು ಬಂದದ್ದರಿಂದ ಹೇಳುತ್ತೇನೆ. ಪರಿಚಯದ ಒಬ್ಬರು, ನಮ್ಮ ಕಡೆಯವರೇ, “ಅಯ್ಯೋ ಬಿಡಿ ಸಾರ್, ಕಾಗದ ತಾನೇ, ಮಣ್ಣಲ್ಲಿ ಕರಗಿಹೋಗುತ್ತದೆ, ಇಲ್ಲವಾದರೆ ಸುಟ್ಟುಬಿಟ್ಟರಾಯಿತು” ಎಂದರು. ಇದು ನಮ್ಮ ಮಲೆನಾಡಲ್ಲ. ಅರಿಜೋನಾದ ಒಣ ನೆಲದಲ್ಲಿ ಬಿಸಾಡಿದ ಕಾಗದ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಇನ್ನು ಸುಡುವ ವಿಚಾರ. 2022ರ ಜೂನ್‌ನಲ್ಲಿ ಫ್ಲ್ಯಾಗ್‌ಸ್ಟಾಫ್ ಉತ್ತರಕ್ಕೆ ಹೊತ್ತಿಕೊಂಡ ಪೈಪ್‌ಲೈನ್ ಕಾಳ್ಗಿಚ್ಚು ಹೇಗೆ ಶುರುವಾಯಿತು ಎಂದು ಅವರಿಗೆ ಗೊತ್ತೇ ಇರಲಿಲ್ಲ. ಕಾಡಿನಲ್ಲಿ ತಂಗಿದ್ದ ಒಬ್ಬ ಮನುಷ್ಯ ಶೌಚದ ಕಾಗದಕ್ಕೆ ಲೈಟರ್ ಹಿಡಿದು ಕಲ್ಲಿನ ಕೆಳಗೆ ಇಟ್ಟಿದ್ದ. ಸುಟ್ಟದ್ದು 26 ಸಾವಿರ ಎಕರೆಗೂ ಹೆಚ್ಚು. ಬೆಂಕಿ ಆರಿದರೂ ಕಷ್ಟ ತೀರಲಿಲ್ಲ. ಹಿಡಿದುಕೊಳ್ಳಲು ಮರಗಿಡವಿಲ್ಲದ ಇಳಿಜಾರಿನಿಂದ ಆ ಮಳೆಗಾಲದಲ್ಲಿ ಬೂದಿ ಬೆರೆತ ಕೆಸರುನೀರು ಕೆಳಗಿನ ಬಡಾವಣೆಗಳಿಗೆ ಹರಿಯಿತು. ಅಲ್ಲಿನ ಜನ ಮನೆಯ ಮುಂದೆ ಮರಳಿನ ಚೀಲ ಪೇರಿಸಿಕೊಂಡು ಬದುಕಬೇಕಾಯಿತು. ಅವರು ಮಾಡಿದ ಪಾಪವೇನು?

2011ರ ವಾಲೋ ಕಾಳ್ಗಿಚ್ಚಿನ ಕಥೆ ಇನ್ನೂ ಭಯಾನಕ. ಇದೇ ರಾಜ್ಯದ ಪೂರ್ವದಲ್ಲಿ, ಕ್ಯಾಂಪ್ ಮಾಡಿದ್ದ ಇಬ್ಬರು ಬೆಂಕಿ ಬಿಟ್ಟು ಸುತ್ತಾಡಲು ಹೋದರು. ಹೋಗುವ ಮುನ್ನ ಮಿಠಾಯಿಯ ಹೊದಿಕೆಯೊಂದನ್ನು ಅದರೊಳಗೆ ಎಸೆದು ನೋಡಿದ್ದರಂತೆ, ಅದು ಕರಗಲಿಲ್ಲ, ಹಾಗಾಗಿ ಆರಿದೆ ಎಂದುಕೊಂಡರಂತೆ! 5 ಲಕ್ಷದ 38 ಸಾವಿರ ಎಕರೆ ಉರಿದುಹೋಯಿತು, ಅರಿಜೋನಾದ ಇತಿಹಾಸದಲ್ಲೇ ಅತಿ ದೊಡ್ಡ ಕಾಳ್ಗಿಚ್ಚು. ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬರಿಗೈಯಿಂದ ಮುಟ್ಟಿ ನೋಡಿ ಎಂದು ಇಲಾಖೆ ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಟ್ಟು ಹೋಗಬಾರದು.

“ಇಷ್ಟು ದೊಡ್ಡ ಕಾಡಿನಲ್ಲಿ ಯಾರು ನೋಡುತ್ತಾರೆ?” ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನೋಡುವವರು ಕಡಿಮೆ, ನಿಜ. ಆದರೆ ಸಿಕ್ಕಿಬಿದ್ದರೆ 5 ಸಾವಿರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ, ಎರಡಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಹೇಳಿ ಹೆದರಿಸಬೇಕಾಗಿ ಬಂದದ್ದೇ ನಾಚಿಕೆಗೇಡು. ಊರಿನಲ್ಲಿ ದೇವರಕಾಡಿನ ಒಂದು ಕಡ್ಡಿ ಮುರಿಯಲು ಹಿಂದೆಮುಂದೆ ನೋಡುವ ಮನೆಯಿಂದ ಬಂದವರು ಇಲ್ಲಿ ಥರ್ಮೋಕೋಲ್ ತಟ್ಟೆ ಬಿಸಾಡಿ ಬರುತ್ತಾರೆ.

ಖಾಲಿ ಟ್ರೇಲರ್ ತಂದು ವಾರದ ನಡುವೆಯೇ ನಿಲ್ಲಿಸಿ, ಒಳ್ಳೆಯ ಜಾಗ ಹಿಡಿದಿಟ್ಟು, ಶುಕ್ರವಾರ ರಾತ್ರಿ ಬಂದು ಇಳಿಯುವವರ ಮೇಲೂ ನನಗೆ ಕೋಪವಿದೆ. ಬಸ್ಸಿನ ಸೀಟಿಗೆ ಟವೆಲ್ ಹಾಕುವಂತೆ ಕಾಡಿಗೂ ಹಾಕುವುದೇ? ಅದು ಇನ್ನೊಂದು ದಿನಕ್ಕಿರಲಿ.

ಕೆಂಡ, ಕಸ ಬಿಟ್ಟುಹೋಗುವವರ ಬೇಜವಾಬ್ದಾರಿಯ ಫಲವನ್ನು ಉಣ್ಣುತ್ತಿರುವವರು ನಾವೆಲ್ಲ. ಕೊಲರಾಡೋದ ಕ್ರೆಸ್ಟೆಡ್ ಬ್ಯೂಟ್ ಸುತ್ತಮುತ್ತ ಮೊದಲು ಇಷ್ಟಬಂದಲ್ಲಿ ಟೆಂಟ್ ಹಾಕಬಹುದಿತ್ತು. ಈಗ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ. ಅರಿಜೋನಾದಲ್ಲೇ ಇರುವ ಸೆಡೋನಾ ಊರಿನ ಪಶ್ಚಿಮಕ್ಕೂ ಅದೇ ಕಟ್ಟುಪಾಡು ಬಂದಿದೆ. ಹಾಗೆ ಮುಚ್ಚಿದಾಗ ಸರ್ಕಾರ ನಮ್ಮ ಸ್ವಾತಂತ್ರ್ಯ ಕಸಿದುಕೊಂಡಿತು ಎಂದು ಎಲ್ಲರಿಗಿಂತ ಮೊದಲು ಕೂಗುವವರೂ ಕೆಂಡ ಬಿಟ್ಟುಹೋದ ಈ ಮಂದಿಯೇ. ಶನಿವಾರ ನಾವು ಕುಡಿಯಲೆಂದು ಒಯ್ದಿದ್ದ ನೀರಿನಲ್ಲಿ ಮುಕ್ಕಾಲು ಪಾಲನ್ನು ಆ ಕುಳಿಗೆ ಸುರಿದು, ಮೊಳೆಗಳನ್ನು ಹೆಕ್ಕಿ ಡಬ್ಬಿಗೆ ತುಂಬಿ, ಇಡೀ ಮಧ್ಯಾಹ್ನ ಕಳೆದುಕೊಂಡೆವು.

ಮುಂದಿನ ವಾರ ಹೋಗುವವರು ಬೆಂಕಿ ಆರಿಸಲೆಂದೇ ಎರಡು ಕ್ಯಾನ್ ನೀರು ಬೇರೆ ಒಯ್ಯಿರಿ. ಹೊರಡುವ ಮುನ್ನ ಅಲ್ಲಿನ ರೇಂಜರ್ ಕಚೇರಿಗೆ ಫೋನ್ ಮಾಡಿ ನಿರ್ಬಂಧ ಬಂದಿದೆಯೇ ಎಂದು ಕೇಳಿ. ಬಂದಿದ್ದರೆ ಇಂತಹ ಜಾಗಗಳಲ್ಲಿ ಸೌದೆಯೂ ಬೇಡ, ಇದ್ದಿಲೂ ಬೇಡ. ನಾಬ್ ತಿರುವಿದೊಡನೆ ಆರುವ ಗ್ಯಾಸ್ ಒಲೆಯಲ್ಲಿ ಉಪ್ಪಿಟ್ಟು ಮಾಡಿಕೊಳ್ಳಿ. ಕಾರಿನಲ್ಲಿ ನೀರಿನ ಕ್ಯಾನ್‌ಗೆ ಜಾಗವಿಲ್ಲ ಎನ್ನುವವರು ದಯವಿಟ್ಟು ಬೆಂಕಿಯನ್ನೇ ಹಾಕಬೇಡಿ.