ಪ್ರಿಯ ಗ್ರಾಹಕರೇ, ಬಿಲ್ಲು ಆಮೇಲೆ, ಓಟು ಮೊದಲು

ಎಕ್ಸ್‌ಪೆನ್ಸಿಫೈ ಅಂತ ಅಮೆರಿಕದಲ್ಲಿ ಒಂದು ಕಂಪನಿ ಇದೆ. ಆಫೀಸಿನ ಕೆಲಸಕ್ಕೆ ಓಡಾಡಿದವರ ಟ್ಯಾಕ್ಸಿ ಬಿಲ್ಲು, ಊಟದ ಬಿಲ್ಲು ಜೋಡಿಸಿ ಲೆಕ್ಕ ಮಾಡಿಕೊಡುವುದು ಅದರ ಕಸುಬು. 2020ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷರ ಚುನಾವಣೆಗೆ ಇನ್ನೇನು ಎರಡು ವಾರವೂ ಇಲ್ಲ ಅನ್ನುವಾಗ, ಅದರ ಮುಖ್ಯಸ್ಥ ಡೇವಿಡ್ ಬ್ಯಾರೆಟ್ ಸುಮಾರು 1 ಕೋಟಿ ಗ್ರಾಹಕರಿಗೆ ಇಮೇಲ್ ಕಳಿಸಿದರು. ನಿಮ್ಮ ಬಿಲ್ಲು ಪಾಸಾಯಿತು ಅಂತಲ್ಲ. ಬೈಡನ್‌ಗೆ ಓಟು ಹಾಕಿ ಅಂತ.

ಕಾರಣವನ್ನೂ ಕೊಟ್ಟಿದ್ದರು. ಟ್ರಂಪ್ ಮತ್ತೆ ಗೆದ್ದರೆ ಪ್ರಜಾಪ್ರಭುತ್ವಕ್ಕೇ ಪೆಟ್ಟಂತೆ, ಅಂತರ್ಯುದ್ಧ ನಡೆಯುವಾಗ ಖರ್ಚಿನ ಲೆಕ್ಕ ಕೊಡುವವರು ಜಾಸ್ತಿ ಇರುವುದಿಲ್ಲವಂತೆ. ನಿಜವೇ ಅಲ್ವಾ! ಗುಂಡು ಹಾರುವಾಗ ಯಾರು ತಾನೇ ಟ್ಯಾಕ್ಸಿ ರಸೀದಿ ಹುಡುಕುತ್ತಾರೆ? ಪ್ರಜಾಪ್ರಭುತ್ವ ಯಾಕೆ ಬೇಕು ಅಂತ ಇಷ್ಟು ಪ್ರಾಮಾಣಿಕವಾಗಿ ಹೇಳಿದವರನ್ನು ನಾನು ನೋಡಿಲ್ಲ. ಬೈಡನ್ ಒಳ್ಳೆಯ ಆಯ್ಕೆಯೋ ಅಲ್ಲವೋ, ಆ ಮಾತು ಬೇರೆ.

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ದೊಡ್ಡ ತಮಾಷೆ. ಚಾಲಕರು ನಮ್ಮ ನೌಕರರಲ್ಲ, ಗುತ್ತಿಗೆದಾರರು ಅಂತ ಮತದಾರರ ಕೈಯಲ್ಲಿ ಮೊಹರು ಒತ್ತಿಸಿಕೊಳ್ಳಲು ಆ್ಯಪ್‌ನಲ್ಲಿ ಟ್ಯಾಕ್ಸಿ, ಊಟ ಕಳಿಸಿಕೊಡುವ ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದ ಕಂಪನಿಗಳು ಸೇರಿ 20 ಕೋಟಿ ಡಾಲರ್‌ಗೂ ಜಾಸ್ತಿ ಸುರಿದವು. ಮತಕ್ಕೆ ಹಾಕಿದ ಪ್ರಸ್ತಾಪದ ಹೆಸರು ‘ಪ್ರಾಪ್ 22’. ಊಬರ್ ಚಾಲಕರ ಆ್ಯಪ್‌ನಲ್ಲಿ ಒಂದು ಸಂದೇಶ ಬರುತ್ತಿತ್ತು. ಕೆಳಗೆ ಎರಡು ಬಟನ್: ‘ಪ್ರಾಪ್ 22ಕ್ಕೆ ಯೆಸ್’ ಮತ್ತು ‘ಓಕೆ’. ಹಟ ಮಾಡುವ ಮಗುವನ್ನು ‘ನಡೆದು ಬರ್ತೀಯೋ, ಎತ್ಕೊಂಡು ಹೋಗಲೋ’ ಅಂತ ಕೇಳುತ್ತೇವಲ್ಲ, ಹಾಗೆ. ನೌಕರರೇ ಅಲ್ಲ ಅನ್ನಿಸಿಕೊಂಡ ಚಾಲಕರಿಗೂ ಯಾವುದಕ್ಕೆ ಓಟು ಅಂತ ಅಪ್ಪಣೆ ಕೊಡಬಹುದು, ನೋಡಿ. ಸಂಬಳದ ವಿಷಯಕ್ಕೆ ಮಾತ್ರ ಅವರು ಹೊರಗಿನವರು. ನವೆಂಬರ್‌ನಲ್ಲಿ ಕಂಪನಿಗಳು ಗೆದ್ದೂ ಬಿಟ್ಟವು.

ನನಗೂ ಇಂಥದ್ದೊಂದು ಭಾಗ್ಯ ಬಂತು. ಕಂಪನಿಯ ಹೆಸರು ಬೇಡ. ವಾಪಸ್ ಬರಬೇಕಿದ್ದ ದುಡ್ಡಿಗಾಗಿ ಆರು ಸಲ ಬರೆದಿದ್ದೆ. ಆರು ಸಲವೂ ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಅನ್ನುವ ವಿಳಾಸದಿಂದಲೇ ಉತ್ತರ. ಚುನಾವಣೆ ಹತ್ತಿರ ಬಂದ ಕೂಡಲೇ ನನ್ನ ಹೆಸರು ಹಿಡಿದು, ಅಕ್ಷರ ತಪ್ಪಿಲ್ಲದೆ, ‘ನಿಮ್ಮ ಭವಿಷ್ಯ ನಮಗೆ ಮುಖ್ಯ’ ಅಂತ ಬರೆದರು. ಭವಿಷ್ಯ ಇರಲಿ ಸ್ವಾಮಿ, ಹಿಂದಿನ ತಿಂಗಳ ದುಡ್ಡು?

ಇನ್ನು ಸಂದೇಶ ಬೇಡ ಅಂತ ಒತ್ತಿದೆ. ಯಾಕೆ ಬೇಡ ಅಂತ ಪಟ್ಟಿ ಕೊಟ್ಟರು. ‘ನನ್ನ ಓಟು, ನಿಮಗೇನು’ ಅನ್ನುವ ಸಾಲು ಅದರಲ್ಲಿ ಇರಲಿಲ್ಲ. ಸುಮ್ನೆ ‘ಇತರೆ’ ಒತ್ತಿದೆ.

ಕೋರಿಕೆ ಜಾರಿಗೆ ಬರಲು ಹತ್ತು ದಿನ ಬೇಕು ಅಂತ ಬಂತು. ಮತದಾನಕ್ಕೆ ಉಳಿದಿದ್ದು ಮೂರೇ ದಿನ.