ಕೈ ಮೊದಲೋ, ಚಪ್ಪಾಳೆ ಮೊದಲೋ?

ನಿನ್ನೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪ ಕಡಿಮೆಯೆಂದರೂ ನೂರು ಸಲ ಚಪ್ಪಾಳೆ ತಟ್ಟಿದರು. ನನ್ನನ್ನು ಮೆಚ್ಚಿ ತಟ್ಟಿದ್ದು ಒಂದೂ ಇಲ್ಲ.

ತಿಂಗಳಿಗೊಮ್ಮೆ ನಮ್ಮ ಹಾಲ್‌ನಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನ, ಇರುತ್ತದೆ. ಕುಂದಾಪುರದ ನೆಂಟರಿಗೆ ಲೈವ್ ತೋರಿಸೋಣ ಅಂತ ಲ್ಯಾಮಿಂಗ್ಟನ್ ರೋಡಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ತಂದೆ. ಹಳೇ ಹ್ಯಾಂಡಿಕ್ಯಾಮ್‌ನ ಚಿತ್ರ ಅದರೊಳಗಿಂದ ಲ್ಯಾಪ್‌ಟಾಪಿಗೆ ಬರುತ್ತದೆ. ಧ್ವನಿ ಬೇರೆ ಮೈಕಿನಿಂದ ನೇರ ಬರುತ್ತದೆ. ಅಂದರೆ ಧ್ವನಿ ಮೊದಲು, ಚಿತ್ರ ಆಮೇಲೆ. ಭಾಗವತರು ಪದ ಮುಗಿಸಿ ಸುಮ್ಮನಾದರೂ ಪರದೆಯಲ್ಲಿ ಅವರ ಬಾಯಿ ಇನ್ನೂ ತೆರೆದೇ ಇರುತ್ತದೆ.

ತಡವಾದರೆ ಆಗಲಿ, ಒಂದೇ ಥರ ತಡವಾಗಬೇಕು ಅಲ್ವಾ? ದಿನಾ ಹತ್ತು ನಿಮಿಷ ತಡ ಬರುವ ಲೋಕಲ್‌ಗೆ ನಾವೂ ಹತ್ತು ನಿಮಿಷ ತಡವಾಗಿ ಹೊರಡುತ್ತೇವೆ. ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್‌ನಲ್ಲೂ ಹಾಗೇ, ಧ್ವನಿಯನ್ನು ಇಷ್ಟು ಮಿಲಿಸೆಕೆಂಡ್ ತಡೆದು ನಿಲ್ಲಿಸಬಹುದು. ಆದರೆ ಎಷ್ಟು? ಅದಕ್ಕೇ ಚಪ್ಪಾಳೆ. ರೆಕಾರ್ಡ್ ಮಾಡಿ, ಸದ್ದಾದ ಮೇಲೆ ಎಷ್ಟು ಫ್ರೇಮಿಗೆ ಕೈ ಸೇರುತ್ತದೆ ಅಂತ ಎಣಿಸುವುದು. ಸೆಕೆಂಡಿಗೆ 25 ಫ್ರೇಮ್, ಒಂದಕ್ಕೆ 40 ಮಿಲಿಸೆಕೆಂಡ್. ಮೊದಲ ಸಲ 7 ಫ್ರೇಮ್. ಕಾಫಿ ಕುಡಿದು ಬಂದು ನೋಡಿದರೆ 16.

"ಅಪ್ಪ, ಇನ್ನೊಮ್ಮೆ ತಟ್ಟಿ. ಒಂದೇ ಸಾಕು."

ಅಪ್ಪನಿಗೆ ಒಂದೇ ಚಪ್ಪಾಳೆ ತಟ್ಟಿ ಗೊತ್ತಿಲ್ಲ. ಬಡಗುತಿಟ್ಟಿನ ಚಂಡೆ ಕೇಳಿ ಬೆಳೆದ ಕೈ. ಒಂದು ತಟ್ಟಿದರೆ ಏಕತಾಳ ಶುರು, ಅಲ್ಲಿಂದ ಝಂಪೆ, ನಾನು ತಲೆ ಎತ್ತುವಷ್ಟರಲ್ಲಿ ತ್ರಿವುಡೆ. ಯಾವ ಸದ್ದು ಯಾವ ಕೈಯದ್ದು ಅಂತ ನಾನು ಹುಡುಕಬೇಕು. "ಎಂಥ ಮಾರಾಯ, ನನ್ನ ತಾಳ ಸರಿ ಉಂಟು. ನಿನ್ನ ಡಬ್ಬಿಯದ್ದೇ ತಪ್ಪಿದ್ದು," ಅಂತ ತಟ್ಟುತ್ತಲೇ ಹೋದರು. ಅಷ್ಟರಲ್ಲಿ ಮೇಲಿನ ಮನೆಯ ಮರಾಠಿ ಕಾಕು ತಲೆ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು. "ಆರತಿ ಸುರೂ ಝಾಲೀ ಕಾ?" ನಾನು ಉತ್ತರ ಕೊಡುವ ಮೊದಲೇ ಅವರೂ ತಟ್ಟತೊಡಗಿದರು. ಈಗ ನಾಲ್ಕು ಕೈ, ಎರಡು ತಾಳ, ಒಂದು ಡಬ್ಬಿ.

ಅವರು ಹೋದ ಮೇಲೆ ಅಪ್ಪ ಪರದೆಯನ್ನೇ ನೋಡುತ್ತ ಮೆಲ್ಲಗೆ ಕೈ ಎತ್ತಿದರು. ಅರ್ಧ ಸೆಕೆಂಡ್ ಬಿಟ್ಟು ಅಲ್ಲಿನವರೂ ಎತ್ತಿದರು. "ಇವನ್ಯಾಕೆ ಇಷ್ಟು ನಿಧಾನ?" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ನನ್ನ ಅಪ್ಪನ ಹಾಗೇ ಕಾಣ್ತಾನೆ." ನಾನು ಸುಮ್ನೆ ವೈರ್ ನೋಡುತ್ತ ಕೂತೆ.

ವೈರ್ ನೋಡಿದ್ದು ಒಳ್ಳೆಯದೇ ಆಯಿತು. ಕಾರ್ಡನ್ನು ಸಿಕ್ಕಿಸಿದ್ದ ಹಬ್‌ನಲ್ಲೇ, ಅಂದರೆ ಒಂದೇ ಯುಎಸ್‌ಬಿ ದಾರಿಯನ್ನು ಹಲವರಿಗೆ ಹಂಚುವ ಡಬ್ಬಿಯಲ್ಲೇ, ಮಗಳ ಹಾರ್ಡ್‌ಡಿಸ್ಕ್ ಇತ್ತು, ಅದಕ್ಕೆ ಏನೇನೋ ಕಾಪಿ ಆಗುತ್ತಿತ್ತು. ಕಾರ್ಡಿನ ಮೂತಿ ವೇಗದ ಯುಎಸ್‌ಬಿ 3.0ರ ಹಾಗೆ ನೀಲಿ, ಒಳಗೆ ಮಾತ್ರ ಹಳೇ ಯುಎಸ್‌ಬಿ 2.0. ಅದರ ದಾರಿ ಸೆಕೆಂಡಿಗೆ 480 ಮೆಗಾಬಿಟ್. 1080ಪಿ ಚಿತ್ರ 60 ಫ್ರೇಮಿನಲ್ಲಿ ಹಿಂಡದೆ, ಅಂದರೆ ಕಂಪ್ರೆಸ್ ಮಾಡದೆ, ಹೋಗಬೇಕಾದರೆ ಸುಮಾರು 2 ಗಿಗಾಬಿಟ್ ಬೇಕು. ಹಾಗಾಗಿ ಕಾರ್ಡು ಪ್ರತಿ ಫ್ರೇಮನ್ನೂ ಹಿಂಡಿ ಕಳಿಸುತ್ತದೆ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತ ಬಿಚ್ಚುತ್ತದೆ. ಅದಕ್ಕೆ ಸುಸ್ತಾದರೆ ಫ್ರೇಮುಗಳು ಕ್ಯೂ ನಿಲ್ಲುತ್ತವೆ. ಹಬ್ ಕಿತ್ತೆ, ಕಾರ್ಡನ್ನು ನೇರ ಸಿಕ್ಕಿಸಿದೆ, 720ಪಿಗೆ ಇಳಿಸಿದೆ, ಬಫರಿಂಗ್ ಆಫ್ ಮಾಡಿದೆ. ಕೊನೆಗೆ ಮೈಕನ್ನೂ ಹ್ಯಾಂಡಿಕ್ಯಾಮ್‌ಗೇ ಚುಚ್ಚಿದೆ. ತಡವಾದರೆ ಇಬ್ಬರೂ ಒಟ್ಟಿಗೇ ತಡವಾಗಿ ಬರಲಿ.

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಕಾಕು ಸಿಕ್ಕರು. ಅಷ್ಟು ಉದ್ದದ ಆರತಿ ಮಾಡಿ ಪ್ರಸಾದ ಯಾಕೆ ಕಳಿಸಲಿಲ್ಲ ಅಂತ ಕೇಳಿದರು.